ಗಾಳಿಯ ಕಣಗಳ ಮೂಲಶೋಧನೆ: ಸಮಸ್ಥಾನಿಗಳ ಸಾಕ್ಷ್ಯ

ನಮ್ಮ ಪ್ರಾಚೀನ ತರ್ಕಶಾಸ್ತ್ರವನ್ನು ಅಭ್ಯಾಸ ಮಾಡಿದವರಿಗೆಲ್ಲ ಬೆಟ್ಟದ ಮೇಲಿನ ಹೊಗೆಯ ದೃಷ್ಟಾಂತ ಚಿರಪರಿಚಿತವಾದುದು. ದೂರದ ಬೆಟ್ಟದಲ್ಲಿ ಹೊಗೆ ಕಾಣುತ್ತದೆ, ಬೆಂಕಿ ಕಾಣುವುದಿಲ್ಲ. ಆದರೂ ಅಲ್ಲಿ ಬೆಂಕಿ ಇದೆಯೆಂದು ನಾವು ನಿಶ್ಚಯವಾಗಿ ಹೇಳುತ್ತೇವೆ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುವುದನ್ನು ಅಡುಗೆಮನೆಯಲ್ಲಿ ನಿತ್ಯವೂ ಕಂಡಿರುವುದೇ ಈ ನಿಶ್ಚಯಕ್ಕೆ ಆಧಾರ. ಕಂಡದ್ದರಿಂದ ಕಾಣದ್ದನ್ನು ಅರಿಯುವ ಈ ಕ್ರಮವನ್ನು ಶಾಸ್ತ್ರಕಾರರು ಅನುಮಾನ ಪ್ರಮಾಣವೆಂದು ಕರೆದರು.

ಇಂದಿನ ವಿಜ್ಞಾನಿಗಳು ಅದೇ ಹೊಗೆಯನ್ನು ನೋಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಬೆಂಕಿ ಇರುವುದೇನೋ ದಿಟ. ಆದರೆ ಅದು ಯಾವುದನ್ನು ಸುಡುತ್ತಿರುವ ಬೆಂಕಿ? ಒಲೆಯಲ್ಲಿ ಉರಿಯುವ ಕಟ್ಟಿಗೆಯೇ, ಕುಳ್ಳೇ, ಹೊಲದ ಕೂಳೆಯೇ? ಅಥವಾ ವಿದ್ಯುತ್ ಸ್ಥಾವರದ ಕಲ್ಲಿದ್ದಲೇ, ಲಾರಿಯ ಡೀಸೆಲ್ಲೇ? ನೂರಾರು ಮೈಲಿ ಹಾರಿಬಂದು, ಒಂದರೊಡನೊಂದು ಬೆರೆತು, ಹುಟ್ಟಿದ ಸ್ಥಳದ ಯಾವ ಗುರುತೂ ಉಳಿಯದ ಕಣವೊಂದನ್ನು ಹಿಡಿದು ಅದರ ಕುಲಮೂಲವನ್ನು ಹೇಳಲು ಸಾಧ್ಯವೇ? ಸಾಧ್ಯವಿದೆಯೆಂದು ಕಳೆದ ಏಳು ದಶಕಗಳ ಸಂಶೋಧನೆ ತೋರಿಸಿಕೊಟ್ಟಿದೆ. ಅದರ ತತ್ತ್ವವನ್ನೂ, ಅದು ನಮ್ಮ ದೇಶದ ಗಾಳಿಯನ್ನು ಕುರಿತು ನುಡಿದ ಸಾಕ್ಷ್ಯವನ್ನೂ, ಆ ಸಾಕ್ಷ್ಯಕ್ಕಿರುವ ಮಿತಿಯನ್ನೂ ಈ ಲೇಖನದಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಕಣಗಳ ಸ್ವರೂಪ

ಗಾಳಿಯಲ್ಲಿ ತೇಲುವ ಕಣಗಳೆಲ್ಲ ಒಂದೇ ಗಾತ್ರದವಲ್ಲ. ಮಿಲಿಮೀಟರಿನ ಸಾವಿರದ ಒಂದಂಶಕ್ಕೆ ಮೈಕ್ರಾನ್ ಎಂದು ಹೆಸರು. ಹತ್ತು ಮೈಕ್ರಾನಿಗಿಂತ ದೊಡ್ಡ ಕಣಗಳು ಬಹುಮಟ್ಟಿಗೆ ಮೂಗು, ಗಂಟಲುಗಳಲ್ಲಿಯೇ ತಡೆಯಲ್ಪಡುತ್ತವೆ. ಎರಡೂವರೆ ಮೈಕ್ರಾನಿಗಿಂತ ಸಣ್ಣವು, ಎಂದರೆ ತಲೆಗೂದಲಿನ ದಪ್ಪದ ಸುಮಾರು ಇಪ್ಪತ್ತನೆಯ ಒಂದು ಪಾಲಿನಷ್ಟು ಅಥವಾ ಅದಕ್ಕಿಂತಲೂ ಸೂಕ್ಷ್ಮವಾದವು, ಶ್ವಾಸಕೋಶದ ಆಳದವರೆಗೆ ಇಳಿಯುತ್ತವೆ. ಶ್ವಾಸರೋಗ ಮಾತ್ರವಲ್ಲದೆ ಹೃದ್ರೋಗ, ಪಾರ್ಶ್ವವಾಯುಗಳಿಗೂ ಇವು ಕಾರಣವಾಗುತ್ತವೆಂಬುದು ಸ್ಥಿರಪಟ್ಟ ವಿಷಯ. ಈ ಸೂಕ್ಷ್ಮ ಕಣಗಳು ಒಂದು ಘನಮೀಟರ್ ಗಾಳಿಯಲ್ಲಿ ವಾರ್ಷಿಕ ಸರಾಸರಿ 40 ಮೈಕ್ರೊಗ್ರಾಂ ಮೀರಬಾರದೆಂದು ಭಾರತ ಸರ್ಕಾರವು 2009ರಲ್ಲಿ ಮಿತಿಯನ್ನು ಗೊತ್ತುಪಡಿಸಿತು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ಮಟ್ಟ ಕೇವಲ 5 ಮೈಕ್ರೊಗ್ರಾಂ.

ಕಣ ಸಣ್ಣದಾದಷ್ಟೂ ಅದು ಬೇಗನೆ ನೆಲಕ್ಕಿಳಿಯುವುದಿಲ್ಲ. ಮಳೆಯಿಲ್ಲದ ಕಾಲದಲ್ಲಿ ಹಲವು ದಿನಗಳವರೆಗೆ ಗಾಳಿಯಲ್ಲಿಯೇ ಸಂಚರಿಸಿ ಒಂದು ರಾಜ್ಯದಿಂದ ಇನ್ನೊಂದಕ್ಕೆ, ನೆಲದಿಂದ ಕಡಲಿಗೆ ಸಾಗುತ್ತದೆ. ಇದರಲ್ಲಿರುವ ಮುಖ್ಯ ದ್ರವ್ಯಗಳಲ್ಲಿ ಇಂಗಾಲವೂ ಒಂದು. ರಸಾಯನಶಾಲೆಯಲ್ಲಿ ಪರೀಕ್ಷಿಸಿದರೆ ಅದು ಇಂಗಾಲವೆಂದು ತಿಳಿಯುತ್ತದೆಯೇ ಹೊರತು ಎಲ್ಲಿಂದ ಬಂದುದೆಂದು ತಿಳಿಯುವುದಿಲ್ಲ. ಜಾಲಿಮರದ ಮಸಿಯೂ ಡೀಸೆಲ್ಲಿನ ಮಸಿಯೂ ಕಣ್ಣಿಗೆ ಒಂದೇ ಬಗೆಯ ಕಪ್ಪು. ಈ ಭೇದವನ್ನು ಬಿಡಿಸಲು ಪರಮಾಣುವಿನ ಒಳಗೇ ಹೋಗಬೇಕಾಯಿತು.

ಸಮಸ್ಥಾನಿಗಳೆಂದರೇನು?

ಒಂದು ಧಾತುವಿನ ಎಲ್ಲ ಪರಮಾಣುಗಳ ಬೀಜದಲ್ಲಿಯೂ ಪ್ರೋಟಾನುಗಳ ಸಂಖ್ಯೆ ಒಂದೇ. ನ್ಯೂಟ್ರಾನುಗಳ ಸಂಖ್ಯೆ ಮಾತ್ರ ಹೆಚ್ಚುಕಡಿಮೆಯಾಗಬಹುದು. ಆಗ ರಾಸಾಯನಿಕ ಗುಣಗಳು ಬಹುತೇಕ ಹಾಗೆಯೇ ಉಳಿದು ತೂಕ ಮಾತ್ರ ಬದಲಾಗುತ್ತದೆ. ಆವರ್ತ ಕೋಷ್ಟಕದಲ್ಲಿ ಒಂದೇ ಸ್ಥಾನವನ್ನು ಪಡೆದ ಇಂತಹ ಪರಮಾಣುಗಳಿಗೆ ಸಮಸ್ಥಾನಿಗಳು, ಅಥವಾ ಐಸೊಟೋಪುಗಳು, ಎಂದು ಹೆಸರು. ಒಂದೇ ಮನೆಯಲ್ಲಿ ಒಂದೇ ಹೆಸರಿನಿಂದ ಕರೆಯಲ್ಪಟ್ಟರೂ ತೂಕದಲ್ಲಿ ಬೇರೆಬೇರೆಯಾದ ಸಹೋದರರು ಇವರೆಂದು ವಿದ್ಯಾರ್ಥಿಗಳಿಗೆ ಹೇಳಬಹುದು.

ಇಂಗಾಲದ ಪರಮಾಣುಗಳಲ್ಲಿ ನೂರಕ್ಕೆ ಸುಮಾರು 98.9 ಭಾಗ ಇಂಗಾಲ-12; ಸುಮಾರು 1.1 ಭಾಗ ಇಂಗಾಲ-13. ಇವೆರಡೂ ಸ್ಥಿರವಾದವು. ಮೂರನೆಯದಾದ ಇಂಗಾಲ-14 ಅತ್ಯಂತ ವಿರಳ. ಲಕ್ಷ ಕೋಟಿ ಪರಮಾಣುಗಳಲ್ಲಿ ಸುಮಾರು ಒಂದು ಮಾತ್ರ ಈ ಬಗೆಯದು. ಇದು ವಿಕಿರಣಶೀಲವಾದುದು. ತೂಕದ ಭೇದವನ್ನು ಅನುಸರಿಸಿ ಪರಮಾಣುಗಳನ್ನು ಬೇರ್ಪಡಿಸಿ ಎಣಿಸುವ ಯಂತ್ರಕ್ಕೆ ರಾಶಿ ರೋಹಿತಮಾಪಕ ಎನ್ನುತ್ತಾರೆ. ಆ ಎಣಿಕೆಯಲ್ಲಿ ದೊರೆಯುವ ಪ್ರಮಾಣಗಳೇ ಕಣದ ಹುಟ್ಟನ್ನು ಹೇಳುವ ಸಾಕ್ಷಿಗಳು.

ಸೀಸವು ಕಲಿಸಿದ ಪಾಠ

ಈ ವಿಧಾನದ ಬಲವನ್ನು ಜಗತ್ತಿಗೆ ಮನಗಾಣಿಸಿದ ಧಾತುಗಳಲ್ಲಿ ಸೀಸ ಮುಖ್ಯವಾದುದು. ಅದಕ್ಕೆ ನಾಲ್ಕು ಸ್ಥಿರ ಸಮಸ್ಥಾನಿಗಳಿವೆ: 204, 206, 207 ಮತ್ತು 208. ಇವುಗಳಲ್ಲಿ ಸೀಸ-206 ಯುರೇನಿಯಂ-238ರಿಂದಲೂ, ಸೀಸ-207 ಯುರೇನಿಯಂ-235ರಿಂದಲೂ, ಸೀಸ-208 ಥೋರಿಯಂನಿಂದಲೂ ಕಾಲಕ್ರಮದಲ್ಲಿ ಹುಟ್ಟುತ್ತಾ ಬಂದಿವೆ. ಆದ್ದರಿಂದ ಅದಿರು ಎಷ್ಟು ಹಳೆಯದು, ಎಂತಹ ಶಿಲೆಯಿಂದ ಬಂದುದು ಎಂಬುದರ ಮೇಲೆ ಈ ಪ್ರಮಾಣಗಳು ಬದಲಾಗುತ್ತವೆ. ಆಸ್ಟ್ರೇಲಿಯದ ಬ್ರೋಕನ್ ಹಿಲ್ ಗಣಿಯ ಸೀಸದಲ್ಲಿ 206ಕ್ಕೂ 207ಕ್ಕೂ ಇರುವ ಅನುಪಾತ ಸುಮಾರು 1.04, ಅಮೆರಿಕದ ಮಿಸ್ಸೂರಿ ಪ್ರಾಂತದ ಸೀಸದಲ್ಲಿ ಅದು 1.3ನ್ನೂ ಮೀರುತ್ತದೆ. ಕಾಯಿಸಿದರೂ ಕರಗಿಸಿದರೂ ಪೆಟ್ರೋಲಿನಲ್ಲಿ ಬೆರೆಸಿ ಸುಟ್ಟರೂ ಈ ಗುರುತು ಅಳಿಯುವುದಿಲ್ಲ.

ಎಂಜಿನ್ನಿನ ಬಡಿತವನ್ನು ತಪ್ಪಿಸುವುದಕ್ಕಾಗಿ ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸುವ ಉಪಾಯವನ್ನು 1921ರಲ್ಲಿ ಅಮೆರಿಕದ ಥಾಮಸ್ ಮಿಡ್ಗ್ಲಿ ಕಂಡುಹಿಡಿದನು. ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷವೆಂದು 1956ರಲ್ಲಿ ಸೀಸದ ಸಮಸ್ಥಾನಿಗಳಿಂದಲೇ ಗಣಿಸಿದ ಕ್ಲೇರ್ ಪ್ಯಾಟರ್ಸನ್ ಎಂಬ ವಿಜ್ಞಾನಿ, ತನ್ನ ಪ್ರಯೋಗಶಾಲೆಯಲ್ಲಿ ಎಲ್ಲೆಲ್ಲಿಯೂ ಸೀಸವೇ ತುಂಬಿರುವುದನ್ನು ಕಂಡು ಬೆರಗಾದನು. ಮುಂದೆ ಈ ಮಾಲಿನ್ಯದ ವಿರುದ್ಧ ಜೀವಮಾನವಿಡೀ ವಾದಿಸಿದನು. 1965ರಲ್ಲಿ ಚೌ ಮತ್ತು ಜಾನ್‌ಸ್ಟನ್ ಎಂಬವರು ಲಾಸ್ ಏಂಜಲೀಸ್ ಪ್ರದೇಶದ ಗಾಳಿಯ ಕಣಗಳಲ್ಲಿದ್ದ ಸೀಸವನ್ನೂ ಅಲ್ಲಿ ಮಾರಾಟವಾಗುತ್ತಿದ್ದ ಪೆಟ್ರೋಲಿನ ಸೀಸವನ್ನೂ ಹೋಲಿಸಿ ಸಮಸ್ಥಾನಿಗಳ ಆಧಾರದಿಂದ ಅವೆರಡರ ಸಂಬಂಧವನ್ನು ತೋರಿಸಿದರು.

ಇದಕ್ಕಿಂತಲೂ ವಿಸ್ಮಯಕರವಾದ ಪ್ರಯೋಗ ಇಟಲಿಯಲ್ಲಿ ನಡೆಯಿತು. 1970ರ ದಶಕದ ಉತ್ತರಾರ್ಧದಲ್ಲಿ ಟ್ಯೂರಿನ್ ನಗರವಿರುವ ಪ್ರದೇಶಕ್ಕೆ ಪೂರೈಸುವ ಪೆಟ್ರೋಲಿನಲ್ಲಿ ಮಾಮೂಲಿನ ಸೀಸಕ್ಕೆ ಬದಲಾಗಿ ಬ್ರೋಕನ್ ಹಿಲ್ ಗಣಿಯ ಸೀಸವನ್ನೇ ಉದ್ದೇಶಪೂರ್ವಕವಾಗಿ ಬಳಸಲಾಯಿತು. ಪೆಟ್ರೋಲಿನಲ್ಲಿನ ಅನುಪಾತ ಸುಮಾರು 1.18ರಿಂದ 1.06ರ ಆಸುಪಾಸಿಗೆ ಇಳಿಯಿತು. ಬಳಿಕ ಗಾಳಿಯಲ್ಲಿಯೂ ಜನರ ರಕ್ತದಲ್ಲಿಯೂ ಆ ಗುರುತು ಎಷ್ಟರಮಟ್ಟಿಗೆ ಕಾಣಿಸಿಕೊಳ್ಳುವುದೆಂದು ವರ್ಷಗಟ್ಟಲೆ ಅಳೆದರು. ನಗರದ ಗಾಳಿಯ ಸೀಸದಲ್ಲಿ ಬಹುಪಾಲು ಪೆಟ್ರೋಲಿನದೇ ಎಂದೂ, ಟ್ಯೂರಿನ್ ನಿವಾಸಿಗಳ ರಕ್ತದಲ್ಲಿದ್ದ ಸೀಸದ ಸುಮಾರು ಕಾಲುಭಾಗ ಅದರಿಂದಲೇ ಬಂದುದೆಂದೂ ಗೊತ್ತಾಯಿತು. ಮಕ್ಕಳ ಬುದ್ಧಿಶಕ್ತಿಯನ್ನೇ ಕುಂದಿಸುವ ವಿಷ ಸೀಸ. ಅದು ಪೆಟ್ರೋಲಿನಿಂದ ರಕ್ತಕ್ಕೆ ಹರಿಯುವ ದಾರಿ ಹೀಗೆ ಅಂಕಿಗಳಲ್ಲಿ ಸಿದ್ಧವಾದಮೇಲೆ ಅಲ್ಲಗಳೆಯುವುದು ಕಷ್ಟವಾಯಿತು. ಭಾರತದಲ್ಲಿ 2000ನೆಯ ಇಸವಿಯಲ್ಲಿ ಸೀಸಯುಕ್ತ ಪೆಟ್ರೋಲಿನ ಮಾರಾಟ ನಿಂತಿತು. 2021ರಲ್ಲಿ ಅಲ್ಜೀರಿಯ ದೇಶವೂ ಅದನ್ನು ಕೈಬಿಟ್ಟ ಬಳಿಕ ಜಗತ್ತಿನಲ್ಲೆಲ್ಲಿಯೂ ವಾಹನಗಳಿಗೆ ಅಂತಹ ಪೆಟ್ರೋಲು ಮಾರಾಟವಾಗದಂತಾಯಿತು.

ಇಂಗಾಲದ ಎರಡು ಗುರುತುಗಳು

ಮಸಿಯ ಮೂಲವನ್ನು ತಿಳಿಯಲು ಇಂಗಾಲ-14 ಒದಗಿಬರುತ್ತದೆ. ವಾತಾವರಣದ ಮೇಲ್ಪದರದಲ್ಲಿ ವಿಶ್ವಕಿರಣಗಳ ಪ್ರಭಾವದಿಂದ ಹುಟ್ಟುವ ನ್ಯೂಟ್ರಾನುಗಳು ಸಾರಜನಕದ ಪರಮಾಣುಗಳಿಗೆ ತಾಗಿದಾಗ ಇಂಗಾಲ-14 ಉಂಟಾಗುತ್ತದೆ. ಗಿಡಮರಗಳು ಆಹಾರ ತಯಾರಿಸುವಾಗ ಗಾಳಿಯಿಂದ ಅದನ್ನೂ ಹೀರಿಕೊಂಡು ತಮ್ಮ ಮೈಯಲ್ಲಿ ಕೂಡಿಸಿಕೊಳ್ಳುತ್ತವೆ. ಗಿಡ ಸತ್ತ ಕ್ಷಣದಿಂದ ಹೊಸ ಪೂರೈಕೆ ನಿಲ್ಲುತ್ತದೆ. ಇದ್ದುದು 5,730 ವರ್ಷಗಳಿಗೊಮ್ಮೆ ಅರ್ಧವಾಗುತ್ತಾ ಹೋಗುತ್ತದೆ. ಈ ತತ್ತ್ವದಿಂದ ಪ್ರಾಚೀನ ವಸ್ತುಗಳ ಕಾಲವನ್ನು ನಿರ್ಣಯಿಸುವ ಮಾರ್ಗವನ್ನು ತೋರಿದ ವಿಲ್ಲರ್ಡ್ ಲಿಬ್ಬಿಗೆ 1960ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಈಗ ಈ ತತ್ತ್ವವನ್ನು ಹೊಗೆಗೆ ಅನ್ವಯಿಸಿ ನೋಡಬಹುದು. ನಮ್ಮ ದೇಶದ ಕಲ್ಲಿದ್ದಲಿನ ಬಹುಭಾಗ ಇಪ್ಪತ್ತೈದು ಕೋಟಿ ವರ್ಷಗಳಿಗೂ ಹಿಂದಿನ ಕಾಡುಗಳ ಅವಶೇಷ. ಪೆಟ್ರೋಲಿಯಂ ಕೂಡ ಕೋಟ್ಯಂತರ ವರ್ಷಗಳ ಹಿಂದಿನದು. ಅವುಗಳಲ್ಲಿ ಇಂಗಾಲ-14 ಲವಲೇಶವೂ ಉಳಿದಿಲ್ಲ. ನಿನ್ನೆ ಮೊನ್ನೆಯವರೆಗೆ ಬೆಳೆಯುತ್ತಿದ್ದ ಕಟ್ಟಿಗೆಯಲ್ಲಿಯೂ, ಹುಲ್ಲು ಮೇದ ದನದ ಸಗಣಿಯ ಕುಳ್ಳಿನಲ್ಲಿಯೂ, ಕಬ್ಬಿನ ರವದಿಯಲ್ಲಿಯೂ ಅದು ಪೂರ್ಣವಾಗಿ ಇದೆ. ಆದ್ದರಿಂದ ಮಸಿಯಲ್ಲಿ ಇಂಗಾಲ-14 ಇದ್ದಷ್ಟು ಭಾಗ ಸಸ್ಯಮೂಲದ್ದು. ಇಲ್ಲದ ಭಾಗ ಪಳೆಯುಳಿಕೆ ಇಂಧನದ್ದು. ಗಾಳಿಯ ಕಣಗಳಿಗೆ ಈ ಪರೀಕ್ಷೆಯನ್ನು 1955ರಷ್ಟು ಹಿಂದೆಯೇ ಅಮೆರಿಕದಲ್ಲಿ ಮಾಡಿ ನೋಡಿದ್ದರು. ಆದರೆ ಅಂದಿನ ಉಪಕರಣಗಳಿಗೆ ಗ್ರಾಂಗಟ್ಟಲೆ ಇಂಗಾಲ ಬೇಕಾಗುತ್ತಿತ್ತು. 1977ರಲ್ಲಿ ಬೆಳಕಿಗೆ ಬಂದ, ವೇಗೋತ್ಕರ್ಷಕವನ್ನು ಬಳಸುವ ರಾಶಿ ರೋಹಿತ ವಿಧಾನದಿಂದ ಮಿಲಿಗ್ರಾಮಿಗಿಂತ ಕಡಿಮೆ ಇಂಗಾಲವಿದ್ದರೂ ಸಾಕಾಯಿತು. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗೋತ್ಕರ್ಷಕ ಕೇಂದ್ರದಲ್ಲಿಯೂ ಅಹಮದಾಬಾದಿನ ಭೌತಿಕ ಸಂಶೋಧನಾಲಯದಲ್ಲಿಯೂ ಇಂತಹ ಉಪಕರಣಗಳಿವೆ.

ಲೆಕ್ಕ ಪ್ರೌಢಶಾಲೆಯ ವಿದ್ಯಾರ್ಥಿಗೂ ನಿಲುಕುವಂಥದು. ಆದರೆ ಒಂದು ತಿದ್ದುಪಡಿ ಅಗತ್ಯ. 1950ರ ದಶಕದಲ್ಲಿಯೂ 1960ರ ದಶಕದ ಆರಂಭದಲ್ಲಿಯೂ ನಡೆದ ಅಣುಬಾಂಬು ಪರೀಕ್ಷೆಗಳಿಂದ ಉತ್ತರ ಗೋಳಾರ್ಧದ ಗಾಳಿಯಲ್ಲಿ ಇಂಗಾಲ-14 ಹೆಚ್ಚುಕಡಿಮೆ ಇಮ್ಮಡಿಯಾಯಿತು. 1963ರ ಒಪ್ಪಂದದ ತರುವಾಯ ಕ್ರಮೇಣ ಇಳಿಯತೊಡಗಿತು. ಹೀಗಾಗಿ ಹಲವು ದಶಕಗಳ ಕಾಲ ಬೆಳೆದ ಮರದಲ್ಲಿ ಈ ಪ್ರಮಾಣ ಸ್ವಲ್ಪ ಅಧಿಕವಾಗಿರುತ್ತದೆ. ಪರೀಕ್ಷೆಗಳಿಗೆ ಮೊದಲಿನ ಪ್ರಮಾಣವನ್ನು 1 ಎಂದಿಟ್ಟುಕೊಂಡು, ಸುಡುವ ಕಟ್ಟಿಗೆಯಲ್ಲಿ ಅದು 1.10 ಇದೆಯೆಂದೂ, ಸೋಸುಕಾಗದದ ಮೇಲೆ ಸಂಗ್ರಹಿಸಿದ ಮಸಿಯಲ್ಲಿ 0.66 ಇದೆಯೆಂದೂ ಉದಾಹರಣೆಗಾಗಿ ಭಾವಿಸೋಣ. 0.66ನ್ನು 1.10ರಿಂದ ಭಾಗಿಸಿದರೆ 0.60. ಎಂದರೆ ಆ ಮಸಿಯಲ್ಲಿ ನೂರಕ್ಕೆ ಅರವತ್ತು ಭಾಗ ಸಸ್ಯಮೂಲದ್ದು. ಉಳಿದ ನಲವತ್ತು ಕಲ್ಲಿದ್ದಲು, ಎಣ್ಣೆಗಳದ್ದು.

ಇಂಗಾಲ-13 ಎರಡನೆಯ ಗುರುತು. ಬಿಸಿಲಿನ ನೆರವಿನಿಂದ ಆಹಾರವನ್ನು ತಯಾರಿಸುವ ಕ್ರಮ ಎಲ್ಲ ಸಸ್ಯಗಳಲ್ಲಿಯೂ ಒಂದೇ ಅಲ್ಲ. ಜೋಳ, ಗೋವಿನಜೋಳ, ರಾಗಿ, ಕಬ್ಬು ಒಂದು ಗುಂಪಿಗೆ ಸೇರಿದವು. ಭತ್ತ, ಗೋಧಿ, ಹತ್ತಿ ಮತ್ತು ನಮ್ಮ ಮರಗಳು ಇನ್ನೊಂದು ಗುಂಪಿಗೆ. ನಿಗದಿಪಡಿಸಿದ ಪ್ರಮಾಣವಸ್ತುವಿಗೆ ಹೋಲಿಸಿದರೆ ಮೊದಲ ಗುಂಪಿನಲ್ಲಿ ಇಂಗಾಲ-13ರ ಅನುಪಾತ ಸಾವಿರಕ್ಕೆ ಸುಮಾರು 12ರಷ್ಟೂ, ಎರಡನೆಯದರಲ್ಲಿ ಸುಮಾರು 27ರಷ್ಟೂ ಕಡಿಮೆ ಇರುತ್ತದೆ. ಕಬ್ಬಿನ ರವದಿಯ ಹೊಗೆಗೂ ಭತ್ತದ ಹುಲ್ಲಿನ ಹೊಗೆಗೂ ಇರುವ ಭೇದ ಇದರಿಂದ ತಿಳಿಯುತ್ತದೆ. ಆದರೆ ಕಲ್ಲಿದ್ದಲು, ಪೆಟ್ರೋಲಿಯಂಗಳ ಪ್ರಮಾಣವೂ ಎರಡನೆಯ ಗುಂಪಿಗೆ ಸಮೀಪವಾಗಿರುವುದರಿಂದ ಇದೊಂದನ್ನೇ ನಂಬಿ ತೀರ್ಮಾನಿಸುವಂತಿಲ್ಲ. ಎರಡು ಸಾಕ್ಷಿಗಳನ್ನೂ ಕೂಡಿಯೇ ಕೇಳಬೇಕು.

ಸಿಂಹಗಡದಲ್ಲಿ ಹಿಡಿದ ಹೊಗೆ

ಚಳಿಗಾಲದಲ್ಲಿ ಭಾರತ ಉಪಖಂಡದ ಮೇಲೂ ಅದರ ದಕ್ಷಿಣದ ಸಮುದ್ರದ ಮೇಲೂ ವಿಶಾಲವಾದ ಕಂದು ಮಬ್ಬು ಹರಡಿಕೊಳ್ಳುತ್ತದೆ. 1999ರಲ್ಲಿ ನಡೆದ ಹಿಂದೂ ಮಹಾಸಾಗರ ಪ್ರಯೋಗವೆಂಬ ಅಂತರರಾಷ್ಟ್ರೀಯ ಅಧ್ಯಯನ ಇದರ ವಿಸ್ತಾರವನ್ನು ಜಗತ್ತಿಗೆ ತಿಳಿಯಪಡಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದ್ದ ವೀರಭದ್ರನ್ ರಾಮನಾಥನ್ ಅವರೂ ನೊಬೆಲ್ ಪುರಸ್ಕೃತ ಪಾಲ್ ಕ್ರುಟ್ಜೆನ್ ಅವರೂ ಅದರ ಮುಂದಾಳುಗಳು. ಮಬ್ಬಿನಲ್ಲಿರುವ ಮಸಿ ಬಿಸಿಲನ್ನು ಹೀರಿ ಗಾಳಿಯನ್ನು ಕಾಯಿಸುತ್ತದೆ. ನೆಲಕ್ಕೆ ತಲುಪುವ ಬೆಳಕನ್ನು ತಗ್ಗಿಸುತ್ತದೆ.

ಈ ಮಸಿ ಯಾರದು ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ತೀವ್ರ ಭಿನ್ನಾಭಿಪ್ರಾಯವಿತ್ತು. ಎಷ್ಟು ಕಟ್ಟಿಗೆ, ಎಷ್ಟು ಡೀಸೆಲ್ ಸುಡಲಾಗುತ್ತದೆಂದು ಕೂಡಿಸಿ ಲೆಕ್ಕ ಹಾಕಿದವರು ನೂರಕ್ಕೆ 50ರಿಂದ 90 ಭಾಗ ಕಟ್ಟಿಗೆ, ಕುಳ್ಳುಗಳಂತಹ ಜೈವಿಕ ಇಂಧನದ್ದೆಂದರು. ಗಾಳಿಯ ಕಣಗಳ ರಾಸಾಯನಿಕ ರಚನೆಯನ್ನು ಪರೀಕ್ಷಿಸಿದವರು ಪಳೆಯುಳಿಕೆ ಇಂಧನದ ಕಡೆಗೆ ಬೆರಳು ತೋರಿದರು. ಇದು ಕೇವಲ ಪಂಡಿತರ ಚರ್ಚೆಯಾಗಿರಲಿಲ್ಲ. ಮೊದಲ ಮಾತು ನಿಜವಾದರೆ ಹೊಣೆ ಬಡವರ ಅಡುಗೆಮನೆಯ ಮೇಲೆ ಬೀಳುತ್ತದೆ. ಎರಡನೆಯದು ನಿಜವಾದರೆ ನಗರ, ಕಾರ್ಖಾನೆ, ವಾಹನಗಳ ಮೇಲೆ ಬೀಳುತ್ತದೆ. ಪರಿಹಾರಕ್ಕೆ ತೆಗೆದಿಡುವ ಹಣವೂ ಅದಕ್ಕೆ ತಕ್ಕಂತೆ ಬೇರೆ ದಾರಿ ಹಿಡಿಯುತ್ತದೆ.

ಈ ವಿವಾದಕ್ಕೆ ಇಂಗಾಲ-14ರ ತೀರ್ಪು 2009ರ ಜನವರಿಯಲ್ಲಿ ಪ್ರಕಟವಾಯಿತು. ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಓರ್ಯಾನ್ ಗುಸ್ಟಾಫ್‌ಸನ್ ಮತ್ತು ಸಂಗಡಿಗರು ಎರಡು ಸ್ಥಳಗಳಲ್ಲಿ ಚಳಿಗಾಲದ ಗಾಳಿಯ ಕಣಗಳನ್ನು ಸಂಗ್ರಹಿಸಿದ್ದರು. ಒಂದು, ಪುಣೆಯ ಸಮೀಪದ ಸಿಂಹಗಡ. ಇನ್ನೊಂದು, ಮಾಲ್ಡೀವ್ಸ್ ದೇಶದ ಹನಿಮಾಧೂ ಎಂಬ ಪುಟ್ಟ ದ್ವೀಪ. ಆ ಋತುವಿನಲ್ಲಿ ಗಾಳಿ ನೆಲದಿಂದ ಕಡಲಿನ ಕಡೆಗೆ ಬೀಸುವುದರಿಂದ ಉಪಖಂಡದ ಹೊಗೆಯೆಲ್ಲ ಕೂಡಿಬೆರೆತು ಆ ದ್ವೀಪವನ್ನು ತಲುಪುತ್ತದೆ. ಪರಿಶೀಲನೆಯಿಂದ ತಿಳಿದ ಸಂಗತಿಯೇನೆಂದರೆ, ಇಂಗಾಲಯುಕ್ತ ಕಣಗಳ ಒಟ್ಟು ಮೊತ್ತದಲ್ಲಿ ಮೂರನೆಯ ಎರಡು ಪಾಲು ಸಸ್ಯಮೂಲದ ಬೆಂಕಿಯಿಂದ ಬಂದುದು. ಶುದ್ಧ ಮಸಿಯನ್ನು ಎರಡು ಬೇರೆ ವಿಧಾನಗಳಿಂದ ಪ್ರತ್ಯೇಕಿಸಿದಾಗ ಒಂದರಲ್ಲಿ ಸುಮಾರು ಅರ್ಧ, ಇನ್ನೊಂದರಲ್ಲಿ ಸುಮಾರು ಮೂರನೆಯ ಎರಡು ಪಾಲು ಅದೇ ಮೂಲದ್ದಾಗಿತ್ತು. ಮಸಿ ಎಂದು ಯಾವುದನ್ನು ಕರೆಯುತ್ತೇವೆಂಬುದರ ಮೇಲೆ ಉತ್ತರ ಬದಲಾಗುತ್ತದೆಂಬುದೂ ಇಲ್ಲಿ ಸ್ಪಷ್ಟವಾಯಿತು.

ತೀರ್ಪು ಎರಡೂ ಪಕ್ಷಗಳಿಗೆ ಅನ್ವಯಿಸುವಂಥದು. ಒಲೆ, ಹೊಲಗಳ ಬೆಂಕಿಯನ್ನು ಅಲಕ್ಷಿಸಿ ಕೇವಲ ವಾಹನಗಳನ್ನು ದೂರಿದರೆ ಅರ್ಧಕ್ಕಿಂತ ಹೆಚ್ಚು ಹೊಗೆ ಹಾಗೆಯೇ ಉಳಿಯುತ್ತದೆ; ಒಲೆಯನ್ನಷ್ಟೇ ದೂರಿದರೆ ಉಳಿದ ದೊಡ್ಡ ಪಾಲು ತಪ್ಪಿಸಿಕೊಳ್ಳುತ್ತದೆ. ಚೀನ ದೇಶದ ಮಸಿಯನ್ನು ಇದೇ ರೀತಿಯಲ್ಲಿ ಪರೀಕ್ಷಿಸಿದಾಗ ಸುಮಾರು ಐದರಲ್ಲಿ ನಾಲ್ಕು ಪಾಲು ಪಳೆಯುಳಿಕೆ ಇಂಧನದ್ದೆಂದು ಕಂಡುಬಂದಿತು. ಕಣ್ಣಿಗೆ ಒಂದೇ ರೀತಿ ತೋರುವ ಮಬ್ಬಿಗೆ ಎರಡು ದೇಶಗಳಲ್ಲಿ ಎರಡು ಕಾರಣ. ಒಂದು ಕಡೆಯ ಔಷಧವನ್ನು ಇನ್ನೊಂದು ಕಡೆಗೆ ಹಾಗೆಯೇ ಕೊಂಡೊಯ್ಯಲಾಗದು.

ಸಾಕ್ಷ್ಯದ ಮಿತಿ

ತರ್ಕಶಾಸ್ತ್ರವು ಅನುಮಾನವನ್ನು ಕಲಿಸಿದಂತೆ ಅದರ ಎಚ್ಚರವನ್ನೂ ಕಲಿಸಿತು. ಹೊಗೆಯಿದ್ದಲ್ಲಿ ಬೆಂಕಿ ಉಂಟು. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿಲ್ಲ. ಕೆಂಪಗೆ ಕಾಯ್ದ ಕಬ್ಬಿಣದ ಗುಂಡೇ ಅದಕ್ಕೆ ನಿದರ್ಶನ. ಸಮಸ್ಥಾನಿಗಳ ವಿಷಯದಲ್ಲಿಯೂ ಇಂತಹ ಎಚ್ಚರ ಬೇಕು. ಮಸಿಯು ಸಸ್ಯಮೂಲದ್ದೆಂದು ಇಂಗಾಲ-14 ಹೇಳಬಲ್ಲುದು. ಅದು ಅಡುಗೆಯ ಒಲೆಯದೋ, ಹೊಲದ ಕೂಳೆಯದೋ, ಕಾಳ್ಗಿಚ್ಚಿನದೋ ಎಂಬುದನ್ನು ಹೇಳಲಾರದು. ಪಳೆಯುಳಿಕೆ ಇಂಧನದ್ದೆಂದು ಹೇಳಬಲ್ಲುದು. ಕಲ್ಲಿದ್ದಲನ್ನು ಡೀಸೆಲ್ಲಿನಿಂದ ಬೇರ್ಪಡಿಸಲಾರದು. ಅದಕ್ಕಾಗಿ ಇತರ ಗುರುತುಗಳ ನೆರವು ಬೇಕು. ಮರದ ಸೆಲ್ಯುಲೋಸು ಸುಟ್ಟಾಗ ಹುಟ್ಟುವ ಲೆವೊಗ್ಲುಕೋಸಾನ್ ಎಂಬ ಸಕ್ಕರೆಯಂತಹ ವಸ್ತು, ಗಂಧಕದ ಸಮಸ್ಥಾನಿಗಳು, ಗಾಳಿಯ ದಿಕ್ಕಿನ ದಾಖಲೆ ಮೊದಲಾದುವು ಅಂತಹ ಪೂರಕ ಸಾಕ್ಷಿಗಳು. ಮಣ್ಣಿನ ಧೂಳಿಗಾದರೆ ಸ್ಟ್ರಾಂಷಿಯಂ, ನಿಯೋಡಿಮಿಯಂ ಧಾತುಗಳ ಸಮಸ್ಥಾನಿಗಳನ್ನು ನೋಡುತ್ತಾರೆ; ಗ್ರೀನ್‌ಲೆಂಡಿನ ಹಿಮದಲ್ಲಿ ಹುದುಗಿದ್ದ ಪ್ರಾಚೀನ ಧೂಳು ಪೂರ್ವ ಏಷ್ಯದ ಮರುಭೂಮಿಗಳದ್ದೆಂದು ತಿಳಿದುಬಂದದ್ದು ಈ ಮಾರ್ಗದಿಂದಲೇ.

ಈ ಜ್ಞಾನದಿಂದ ಒದಗುವ ಕರ್ತವ್ಯ

ಸಿಂಹಗಡದ ಸಾಕ್ಷ್ಯವನ್ನು ಓದಿ ಒಲೆಯ ಮುಂದೆ ಕುಳಿತ ತಾಯಿಯನ್ನು ಯಾರಾದರೂ ಅಪರಾಧಿಯೆಂದು ಎಣಿಸಿದರೆ ಅದು ಅನ್ಯಾಯವಾದೀತು. ಆ ಹೊಗೆ ಕಡಲನ್ನು ದಾಟಿ ಮಾಲ್ಡೀವ್ಸನ್ನು ಮುಟ್ಟುವ ಎಷ್ಟೋ ಮುಂಚೆ ಆಕೆಯ ಕಣ್ಣನ್ನೂ ಆಕೆಯ ಮಡಿಲಲ್ಲಿರುವ ಕೂಸಿನ ಎದೆಯನ್ನೂ ಮುಟ್ಟಿರುತ್ತದೆ. ಎಲ್ಲರಿಗಿಂತ ಮೊದಲು ಮತ್ತು ಎಲ್ಲರಿಗಿಂತ ಹೆಚ್ಚು ನೋಯುವವಳು ಆಕೆಯೇ.

ಪರಿಹಾರದ ಪ್ರಯತ್ನ ನಮ್ಮ ನಾಡಿಗೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಸ್ಥಾಪಿತವಾದ ಅಸ್ತ್ರ ಕೇಂದ್ರವು ಕಡಿಮೆ ಕಟ್ಟಿಗೆಯಿಂದ ಉರಿಯುವ, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸುವ ಅಸ್ತ್ರ ಒಲೆಯನ್ನು ರೂಪಿಸಿ ಹಳ್ಳಿಗಳಿಗೆ ನೀಡಿತು. ಅಡುಗೆಮನೆಯ ಹೊಗೆ ಅದರಿಂದ ತಗ್ಗಿತು. 2016ರ ಮೇ ತಿಂಗಳಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಕೋಟ್ಯಂತರ ಬಡಕುಟುಂಬಗಳಿಗೆ ಅಡುಗೆ ಅನಿಲದ ಸಂಪರ್ಕ ದೊರೆಯಿತು. ಆದರೆ ಸಿಲಿಂಡರು ಮನೆಗೆ ಬಂದರೂ ಮತ್ತೆ ಮತ್ತೆ ತುಂಬಿಸುವ ಖರ್ಚು ಭಾರವಾದಾಗ ಒಲೆಗೆ ಮರಳಿ ಕಟ್ಟಿಗೆಯೇ ಬೀಳುತ್ತದೆ. 2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ ಮತ್ತು ಕಲಬುರಗಿ ಸೇರಿವೆ. ನಗರದ ಧೂಳು, ವಾಹನಗಳಂತೆಯೇ ಸುತ್ತಲಿನ ಹೊಲ, ಒಲೆಗಳೂ ಲೆಕ್ಕಕ್ಕೆ ಬಂದಾಗಲೇ ಇಂತಹ ಕಾರ್ಯಕ್ರಮಗಳು ಪೂರ್ಣವಾದಾವು.

ಶಿಕ್ಷಕ ಬಂಧುಗಳು ಈ ವಿಷಯವನ್ನು ರಸಾಯನ, ಗಣಿತ, ಭೂಗೋಳ ಪಾಠಗಳಿಗೆ ಸಮಾನವಾಗಿ ಹೊಂದಿಸಿಕೊಳ್ಳಬಹುದು. ವೇಗೋತ್ಕರ್ಷಕ ಯಂತ್ರ ಶಾಲೆಗೆ ಬರಲಾರದು, ನಿಜ. ಆದರೆ ಎಣ್ಣೆ ಸವರಿದ ಬಿಳಿಯ ಕಾಗದವನ್ನು ಒಂದು ದಿನ ರಸ್ತೆಯ ಬದಿಯಲ್ಲಿಯೂ, ಒಂದು ದಿನ ಸೌದೆಯ ಒಲೆಯ ಮೇಲೆಯೂ, ಒಂದು ದಿನ ಮರದಡಿಯಲ್ಲಿಯೂ ತೂಗುಹಾಕಿ ಭೂತಗನ್ನಡಿಯಿಂದ ನೋಡಿದರೆ ನಾವು ಉಸಿರಾಡುವುದು ಏನನ್ನು ಎಂಬುದು ಮಕ್ಕಳಿಗೆ ಪ್ರತ್ಯಕ್ಷವಾಗುತ್ತದೆ. ದೂರದೂರದಲ್ಲಿ ವೃತ್ತಿನಿರತರಾಗಿರುವ ಹಳೆಯ ವಿದ್ಯಾರ್ಥಿಗಳೂ ಉದಾರಿಗಳಾದ ದಾನಿಗಳೂ ಮನಸ್ಸು ಮಾಡಿದರೆ, ಇನ್ನೂ ಕಟ್ಟಿಗೆಯಿಂದಲೇ ಅಡುಗೆ ನಡೆಯುವ ಶಾಲೆ, ವಿದ್ಯಾರ್ಥಿ ನಿಲಯಗಳಿಗೆ ಹೊಗೆಕೊಳವೆಯುಳ್ಳ ಒಲೆಯೋ ಅನಿಲದ ಒಲೆಯೋ ಒದಗುವುದು ಅಸಾಧ್ಯವಲ್ಲ. ಹೊಗೆಯ ಮೂಲ ಎಲ್ಲಿದೆಯೆಂದು ವಿಜ್ಞಾನ ತೋರಿಸಿಕೊಟ್ಟಿದೆ. ಆ ಬೆಂಕಿಯ ಬಳಿ ಕುಳಿತಿರುವವರ ಕಷ್ಟವನ್ನು ಅರಿತು ನೆರವಾಗುವುದು ಇನ್ನು ನಮ್ಮೆಲ್ಲರ ಕೆಲಸ.